ಪೊಟ್ಟಣ ಬಂತು, ಎಚ್ಚರ ಬರಲಿಲ್ಲ

ಕಳೆದ ಬೇಸಿಗೆಯಲ್ಲಿ ಮೂಡಲಗಿ ತಾಲೂಕಿನ ಹಳ್ಳಿಯೊಂದರಿಂದ 42 ವರ್ಷದ ರೈತರೊಬ್ಬರು ನನ್ನಲ್ಲಿಗೆ ಬಂದಿದ್ದರು. ಕಾಲಿನ ಬೆರಳಿಗೆ ಆಗಿದ್ದ ಸಣ್ಣ ಗಾಯ ಮೂರು ವಾರವಾದರೂ ಮಾಯ್ದಿರಲಿಲ್ಲ. ರಕ್ತ ಪರೀಕ್ಷಿಸಿದಾಗ ಸಕ್ಕರೆಯ ಪ್ರಮಾಣ 300ನ್ನು ದಾಟಿತ್ತು. ‘ನಮ್ಮ ಮನಿತನದಾಗ ಯಾರಿಗೂ ಸಕ್ರಿ ಬ್ಯಾನಿ ಇಲ್ರಿ ಸಾಹೇಬ್ರ. ನಮ್ಮಪ್ಪ ಎಂಬತ್ತರತನಾ ಹೊಲಕ್ಕ ಹೋಗ್ಯಾನ’ ಎಂದು ಅವರು ನಂಬಲಾರದೆ ನನ್ನ ಮುಖವನ್ನೇ ನೋಡಿದರು. ಸಂತೆ ಮುಗಿಸಿ ಬಂದಿದ್ದ ಅವರ ಚೀಲ ಮೇಜಿನ ಪಕ್ಕದಲ್ಲಿತ್ತು. ತಂಪು ಪಾನೀಯದ ದೊಡ್ಡ ಬಾಟಲಿ, ಕ್ರೀಮ್ ಬಿಸ್ಕತ್ತಿನ ಪುಡಿಕೆಗಳು, ನೂಡಲ್ಸ್ ಪೊಟ್ಟಣಗಳು ಅದರ ಬಾಯಿಂದ ಇಣುಕುತ್ತಿದ್ದವು. ಕಾಯಿಪಲ್ಯ ತಳದಲ್ಲಿ ಒಂದಿಷ್ಟು ಇತ್ತು.

ಆ ಚೀಲವನ್ನು ಕಂಡಾಗ ನನಗೆ ಇನ್ನೊಂದು ಚೀಲದ ನೆನಪಾಯಿತು. ಎರಡು ವರ್ಷಗಳ ಹಿಂದೆ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದೆ. ಅಲ್ಲಿ ಆಕೆಯ ಜೊತೆ ವಾರಕ್ಕೊಮ್ಮೆ ಅಂಗಡಿಗೆ ಹೋಗುವುದು ನನ್ನ ಪಾಲಿನ ಕೆಲಸವಾಗಿತ್ತು. ಒಂದು ದಿನ ಬಣ್ಣದ ಬಿಸ್ಕತ್ತಿನ ಡಬ್ಬಿಯೊಂದನ್ನು ಎತ್ತಿಕೊಂಡೆ. ಮಗಳು, ‘ಅಪ್ಪಾ, ಮೊದಲ ತಿರುವಿ ಓದ್ರಿ’ ಎಂದಳು. ನಾಲ್ಕು ದಶಕ ವೈದ್ಯವೃತ್ತಿ ಮಾಡಿದವನಾದರೂ ಆಹಾರದ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ನಾನು ಅದುವರೆಗೆ ಒಮ್ಮೆಯೂ ಗಮನವಿಟ್ಟು ಓದಿರಲಿಲ್ಲ. ಈ ಮಾತನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ.

ಕೊಳ್ಳುವುದು, ಉಡುವುದು, ಉಣ್ಣುವುದು ದೇಶದಿಂದ ದೇಶಕ್ಕೆ ಬೇರೆಯಾಗಿರುವುದು ಸಹಜ. ಹವೆ ಬೇರೆ, ದುಡಿಮೆ ಬೇರೆ, ಕಾನೂನು ಬೇರೆ. ಒಂದು ದೇಶದ ಪದ್ಧತಿ ಇನ್ನೊಂದು ದೇಶಕ್ಕೆ ಬರುವುದೂ ಹೊಸದಲ್ಲ. ನಮ್ಮ ಅಡುಗೆಯ ಮೆಣಸಿನಕಾಯಿ, ಶೇಂಗಾ, ಆಲೂಗಡ್ಡೆಗಳೆಲ್ಲ ಅಮೆರಿಕ ಖಂಡದಿಂದ ಬಂದವು. ಸಂಕೇಶ್ವರದ ಮೆಣಸಿನಕಾಯಿಯನ್ನು ಇಂದು ಯಾರೂ ಪರದೇಶದ್ದೆಂದು ಎಣಿಸುವುದಿಲ್ಲ. ಆದ್ದರಿಂದ ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂಬ ವಾದ ನನ್ನದಲ್ಲ. ನನ್ನ ಆತಂಕ ಬೇರೆ. ಪ್ರತಿಯೊಂದು ದೇಶದ ಪದ್ಧತಿಯ ಜೊತೆಗೆ ಆ ದೇಶ ಕಷ್ಟಪಟ್ಟು ಕಲಿತ ಒಂದು ಎಚ್ಚರ ಇರುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಸಂತೆಗಳಿಗೆ ಪರದೇಶದ ಪದ್ಧತಿ ಬಂದು ಸೇರಿದೆ. ಅದರ ಎಚ್ಚರ ಅಲ್ಲಿಯೇ ಉಳಿದಿದೆ. ಈ ಅರ್ಧ ಅನುಕರಣೆಯೇ ನಮ್ಮ ಮನೆಗಳಿಗೆ ರೋಗವನ್ನು ತರುತ್ತಿದೆ.

ಮೊದಲು ಕೊಳ್ಳುವ ರೀತಿಯನ್ನು ನೋಡೋಣ. ಇಂಗ್ಲೆಂಡಿನಲ್ಲಿ ಚಳಿ ಹೆಚ್ಚು, ದುಡಿಯುವವರಿಗೆ ಬಿಡುವು ಕಡಿಮೆ. ಆದುದರಿಂದ ಬಹಳ ಮನೆಗಳಲ್ಲಿ ವಾರಕ್ಕಾಗುವಷ್ಟನ್ನು ಒಮ್ಮೆಗೇ ತಂದು ಶೀತಪೆಟ್ಟಿಗೆಯಲ್ಲಿ ಇಡುತ್ತಾರೆ. ಪೊಟ್ಟಣದ ಆಹಾರ ಅಲ್ಲಿ ಬೆಳೆದದ್ದು ಈ ಅಗತ್ಯದಿಂದ. ಅದರ ಕೆಡುಕನ್ನೂ ಅವರು ಕಂಡರು. ಇಂದು ಅಲ್ಲಿಯ ವಯಸ್ಕರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಬೊಜ್ಜಿನ ತೊಂದರೆ ಇದೆ. ಕಂಡ ಮೇಲೆ ಕಡಿವಾಣಗಳನ್ನು ಹಾಕತೊಡಗಿದರು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿದ್ದರೆ ಕೆಂಪು, ಮಧ್ಯಮವಾಗಿದ್ದರೆ ಹಳದಿ, ಕಡಿಮೆಯಿದ್ದರೆ ಹಸಿರು ಬಣ್ಣವನ್ನು ಪೊಟ್ಟಣದ ಮುಂಭಾಗದಲ್ಲಿಯೇ ಮುದ್ರಿಸುವ ಪದ್ಧತಿ 2013ರಿಂದ ರೂಢಿಯಲ್ಲಿದೆ. ಅದು ಕಡ್ಡಾಯವಲ್ಲದಿದ್ದರೂ ದೊಡ್ಡ ಅಂಗಡಿಗಳು ಅದನ್ನು ಪಾಲಿಸುತ್ತವೆ. 2018ರ ಏಪ್ರಿಲ್‌ನಿಂದ 100 ಮಿಲಿಲೀಟರಿಗೆ 5 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆ ಇರುವ ತಂಪು ಪಾನೀಯಗಳ ಮೇಲೆ ವಿಶೇಷ ತೆರಿಗೆ ಬಂದಿತು. ತೆರಿಗೆಯ ಭಯಕ್ಕೆ ಅನೇಕ ಕಂಪನಿಗಳು ಸಕ್ಕರೆಯನ್ನೇ ಕಡಿಮೆ ಮಾಡಿದವು. 2022ರ ಅಕ್ಟೋಬರ್‌ನಿಂದ ಇಂಗ್ಲೆಂಡಿನ ದೊಡ್ಡ ಅಂಗಡಿಗಳಲ್ಲಿ ಹಣ ಕೊಡುವ ಕಟ್ಟೆಯ ಬಳಿ ಇಂಥ ಸಿಹಿ ತಿನಿಸುಗಳನ್ನು ಇಡುವಂತಿಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶ 2016ರಲ್ಲಿ ಇನ್ನೂ ಮುಂದೆ ಹೋಗಿ, ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮೇಲೆ ಎಂಟು ಮೂಲೆಯ ಕಪ್ಪು ಮುದ್ರೆಯನ್ನು ಕಡ್ಡಾಯ ಮಾಡಿತು; ಆ ಮುದ್ರೆಯ ತಿನಿಸುಗಳನ್ನು ಶಾಲೆಗಳಲ್ಲಿ ಮಾರುವುದನ್ನು ನಿಷೇಧಿಸಿತು.

ನಮ್ಮಲ್ಲಿ ಏನು ನಡೆದಿದೆ? ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಮಗುವಿನ ಕಣ್ಣಿಗೆ ನೇರವಾಗಿ ಚಾಕಲೇಟಿನ ಭರಣಿಗಳು ಸಾಲಾಗಿ ನಿಂತಿವೆ. ಎರಡು ರೂಪಾಯಿ ಮರಳಿ ಕೊಡಬೇಕಾದಾಗ ‘ಚಿಲ್ಲರ ಇಲ್ರಿ, ಚಾಕಲೇಟ್ ತಗೋರಿ’ ಎನ್ನುವುದು ರೂಢಿಯಾಗಿದೆ. ಮನೆಗೆ ಬೀಗರು ಬಂದರೆ ಮಜ್ಜಿಗೆಯ ಬದಲು ಬಾಟಲಿ ತೆರೆಯುವುದು ಮರ್ಯಾದೆಯೆನಿಸಿದೆ. ಇಂಥ ಪಾನೀಯಗಳಲ್ಲಿ ಅನೇಕವುಗಳಲ್ಲಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. ಎಂದರೆ 250 ಮಿಲಿಲೀಟರಿನ ಒಂದು ಲೋಟದಲ್ಲಿ 25 ಗ್ರಾಂ, ಚಹಾ ಚಮಚದ ಲೆಕ್ಕದಲ್ಲಿ ಆರು ಚಮಚ. ಹೊರಗಿನಿಂದ ಸೇರುವ ಸಕ್ಕರೆ ದಿನಕ್ಕೆ ಸುಮಾರು ಇಷ್ಟರೊಳಗೆ ಇದ್ದರೆ ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಒಂದು ಲೋಟದಲ್ಲಿಯೇ ದಿನದ ಪಾಲು ಮುಗಿಯಿತು. ಆಮೇಲೆ ಕುಡಿಯುವ ನಾಲ್ಕು ಕಪ್ಪು ಚಹಾದ ಸಕ್ಕರೆಯನ್ನು ಯಾವ ಲೆಕ್ಕಕ್ಕೆ ಬರೆಯಬೇಕು?

ನಮ್ಮ ದೇಶದಲ್ಲಿಯೂ ಪೋಷಕಾಂಶಗಳ ವಿವರವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂಬ ಕಾನೂನಿದೆ. ಅದು ಸಾಮಾನ್ಯವಾಗಿ ಹಿಂಭಾಗದಲ್ಲಿ, ಸಣ್ಣ ಅಕ್ಷರಗಳಲ್ಲಿ, ಬಹುತೇಕ ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ಓದಲು ಎರಡು ಸಣ್ಣ ಲೆಕ್ಕಗಳು ಸಾಕು. 4 ಗ್ರಾಂ ಸಕ್ಕರೆ ಎಂದರೆ ಒಂದು ಚಹಾ ಚಮಚ. ಸೋಡಿಯಂ ಎಷ್ಟಿದೆಯೋ ಅದರ ಎರಡೂವರೆ ಪಟ್ಟು ಉಪ್ಪು; ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ತಿದ್ದಬೇಕು. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ‘ಇದು ಸಸ್ಯಾಹಾರ’ ಎಂದಷ್ಟೇ ಹೇಳುತ್ತದೆ. ‘ಇದು ಆರೋಗ್ಯಕರ’ ಎಂದು ಅದು ಹೇಳುವುದಿಲ್ಲ. ಹಸಿರು ಚುಕ್ಕೆ ನೋಡಿ ನಿಶ್ಚಿಂತರಾಗಿ ಮಕ್ಕಳ ಕೈಗೆ ಕೊಡುವ ಶರಣೆಯರನ್ನು ನಾನು ಬಹಳ ಕಂಡಿದ್ದೇನೆ.

ವಾರದ ಸಂತೆಯೆಂದರೆ ಹಿಂದುಳಿದವರ ಪದ್ಧತಿ, ಹವಾನಿಯಂತ್ರಿತ ಅಂಗಡಿಯೆಂದರೆ ಮುಂದುವರಿದವರದು ಎಂಬ ಭಾವನೆ ನಮ್ಮ ಯುವಕರಲ್ಲಿದೆ. ಶ್ರೀಮಂತ ದೇಶವಾದ ಫ್ರಾನ್ಸಿನಲ್ಲಿ ಇಂದಿಗೂ ಎಷ್ಟೋ ಜನ ದಿನದಿನದ ಬ್ರೆಡ್ಡನ್ನು ದಿನದಿನವೇ ಓಣಿಯ ಬೇಕರಿಯಿಂದ ತರುತ್ತಾರೆ. ಊರ ಚೌಕದ ವಾರದ ಸಂತೆ ಅಲ್ಲಿ ಇನ್ನೂ ಜೀವಂತವಾಗಿದೆ. ತಾಜಾ ಪದಾರ್ಥವನ್ನು, ಬೇಕಾದಷ್ಟನ್ನೇ, ಬೆಳೆದವನ ಕೈಯಿಂದ ಕೊಳ್ಳುವ ಭಾಗ್ಯ ಗೋಕಾಕ ಹುಕ್ಕೇರಿಗಳ ಸಂತೆಗಳಲ್ಲಿ ನಮಗೆ ಇದೆ. ಅದರಲ್ಲಿ ತಿದ್ದಿಕೊಳ್ಳಬೇಕಾದದ್ದೂ ಇದೆ. ಬಿಸಿ ಮಿರ್ಚಿ ಭಜಿಯನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಕಟ್ಟಿಕೊಡುವುದು ಅಂಥದೊಂದು. ಬಿಸಿಗೂ ಎಣ್ಣೆಗೂ ಕರಗಿದ ಮುದ್ರಣದ ಮಸಿ ಭಜಿಯ ಜೊತೆ ಹೊಟ್ಟೆಗೆ ಹೋಗುತ್ತದೆ. ಆಹಾರವನ್ನು ಹೀಗೆ ಕಟ್ಟಕೂಡದೆಂದು 2018ರ ಪ್ಯಾಕೇಜಿಂಗ್ ನಿಯಮಗಳೇ ಹೇಳಿವೆ. ಮನೆಯಿಂದ ಒಂದು ಡಬ್ಬಿ, ಒಂದು ಬಟ್ಟೆಯ ಚೀಲ ಒಯ್ದರೆ ಈ ದೋಷ ಅಂದೇ ತಪ್ಪುತ್ತದೆ.

ಇನ್ನು ಊಟದ ಮಾತು. ಲೆಸ್ಟರ್‌ನಲ್ಲಿ ಗುಜರಾತಿ ಮೂಲದ ಕುಟುಂಬಗಳು ಬಹಳ. ಅವರ ಅಂಗಡಿಗಳಲ್ಲಿ ಜೋಳದ ಹಿಟ್ಟು ಸಿಗುತ್ತದೆ. ನನ್ನ ಮಗಳು ವಾರದಲ್ಲಿ ನಾಲ್ಕು ದಿನ ರೊಟ್ಟಿ ಬಡಿಯುತ್ತಾಳೆ. ಅಗಸಿ, ಗುರೆಳ್ಳು ಚಟ್ನಿಪುಡಿ ನಮ್ಮ ಮನೆಯಿಂದ ಹೋಗುತ್ತದೆ. ನಾನು ಊರಿಗೆ ಮರಳಿದ ಮರುದಿನ ಬೆಳಗಿನ ಉಪಾಹಾರಕ್ಕೆ ತಮ್ಮನ ಮನೆಯಲ್ಲಿ ಬಿಳಿ ಬ್ರೆಡ್ಡು, ಜಾಮು! ಸಾವಿರಾರು ಮೈಲು ದೂರ ಹೋದವರು ರೊಟ್ಟಿಯನ್ನು ಹುಡುಕಿ ಹಿಡಿದಿದ್ದಾರೆ. ಹೊಲದ ಬದುವಿನಲ್ಲಿ ಇರುವ ನಾವು ಅದನ್ನು ಕೈಬಿಡುತ್ತಿದ್ದೇವೆ.

ಇದಕ್ಕೆ ಕಾರಣ ನಾಲಿಗೆಯ ಚಪಲವೊಂದೇ ಅಲ್ಲ. ಘಟಪ್ರಭೆಯ ಕಾಲುವೆಗಳು ಬಂದ ಮೇಲೆ ಮೂಡಲಗಿ, ಗೋಕಾಕ ಭಾಗದ ಒಣಭೂಮಿ ನೀರಾವರಿಯಾಯಿತು. ಸಕ್ಕರೆ ಕಾರ್ಖಾನೆಗಳು ಎದ್ದವು. ಜೋಳದ ಹೊಲಗಳಿಗೆ ಕಬ್ಬು ಬಂತು. ಕಬ್ಬಿನಿಂದ ರೈತನ ಕೈಗೆ ಹಣ ಬಂದದ್ದು ನಿಜ, ಅದನ್ನು ಬೇಡವೆನ್ನಲು ನಾನು ಯಾರು? ಆದರೆ ಮನೆಯ ಹಗೆಯಲ್ಲಿದ್ದ ಜೋಳ ಹೋಗಿ, ಅಂಗಡಿಯಿಂದ ತರುವ ವಸ್ತುವಾಯಿತು. ಅಂಗಡಿಗೆ ಹೋದ ಕೈ ಜೋಳದ ಪಕ್ಕದ ಮೈದೆಗೂ ಅಕ್ಕಿಗೂ ಚಾಚಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 10 ಗ್ರಾಂ ಪ್ರೋಟೀನು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿಯೂ ಮೈದೆಯಲ್ಲಿಯೂ ನಾರು 3 ಗ್ರಾಮಿನಷ್ಟೂ ಇಲ್ಲ. ನಾರು ಹೆಚ್ಚಿದ್ದಷ್ಟು ಹೊಟ್ಟೆ ಬೇಗ ತುಂಬುತ್ತದೆ, ರಕ್ತಕ್ಕೆ ಸಕ್ಕರೆ ನಿಧಾನವಾಗಿ ಇಳಿಯುತ್ತದೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಜಗತ್ತು ಕೊಂಡಾಡಿದ ಧಾನ್ಯಗಳಲ್ಲಿ ನಮ್ಮ ಜೋಳ, ಸಜ್ಜೆಗಳೂ ಇದ್ದವು.

ಇನ್ನೊಂದು ಮುಖ್ಯ ವಿಷಯವನ್ನು ಓದುಗರು ಗಮನಿಸಬೇಕು. ಒಂದೇ ತೂಕ, ಒಂದೇ ಊಟ ಆದರೂ ಯುರೋಪಿನವರ ದೇಹಕ್ಕೂ ನಮ್ಮ ದೇಹಕ್ಕೂ ಅಪಾಯ ಒಂದೇ ಅಲ್ಲ. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆಯನ್ನು ದೇಹತೂಕ ಸೂಚ್ಯಂಕ ಎನ್ನುತ್ತಾರೆ. ಅದು 25 ಮುಟ್ಟಿದರೆ ತೂಕ ಹೆಚ್ಚಾಯಿತೆಂಬುದು ಸಾಮಾನ್ಯ ಲೆಕ್ಕ. ಏಷ್ಯಾದ ಜನರಲ್ಲಿ 23ರಿಂದಲೇ ಅಪಾಯ ಏರತೊಡಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ತಿಳಿಸಿದರು. 5 ಅಡಿ 5 ಅಂಗುಲ ಎತ್ತರದವರಿಗೆ ಈ ಮಿತಿ ಸುಮಾರು 63 ಕಿಲೋ. ಬಿಳಿಯರ ಲೆಕ್ಕದಲ್ಲಿ ಅದು 68. ಸೊಂಟದ ಸುತ್ತಳತೆ ನಮ್ಮ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರು ಮೀರಬಾರದು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬರುವುದು ನಮ್ಮ ದೇಹದ ಗುಣ. ಅದನ್ನು ಸುಖದ ಲಕ್ಷಣವೆಂದು ಹೊಗಳುವುದು ನಮ್ಮ ಅಜ್ಞಾನ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮೀರಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ಇಂಥ ದೇಹಗಳಿಗೆ ಪರದೇಶದ ಪೊಟ್ಟಣ ಅಲ್ಲಿಯವರಿಗಿಂತ ಹೆಚ್ಚು ಬೇಗ ಪೆಟ್ಟು ಕೊಡುತ್ತದೆ. ಎಚ್ಚರವೂ ಅವರಿಗಿಂತ ನಮಗೇ ಹೆಚ್ಚು ಬೇಕು.

ಉಡುಗೆಯ ವಿಷಯಕ್ಕೆ ಬರೋಣ. ಟೈ, ಬಿಗಿಯಾದ ಬೂಟು, ದಪ್ಪ ಕಾಲುಚೀಲಗಳು ಚಳಿಯ ದೇಶಗಳಲ್ಲಿ ಹುಟ್ಟಿದವು. ಅಲ್ಲಿ ಅವು ಮೈಯನ್ನು ಬೆಚ್ಚಗಿಡುತ್ತವೆ. ಏಪ್ರಿಲ್ ತಿಂಗಳ ಗೋಕಾಕದ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ಆ ಬಿಸಿಲಿನಲ್ಲಿ ಆರು ವರ್ಷದ ಮಗು ಕೊರಳಿಗೆ ಟೈ ಬಿಗಿದು, ಪಾಲಿಯೆಸ್ಟರ್ ಅಂಗಿ ತೊಟ್ಟು, ತುಂಬಿದ ವಾಹನದಲ್ಲಿ ಶಾಲೆಗೆ ಹೋಗುತ್ತದೆ. ಆ ಟೈ ಧರಿಸುವುದನ್ನು ಕಲಿಸಿದವರೇ ಈಗ ಅದನ್ನು ಸಡಿಲಿಸುತ್ತಿದ್ದಾರೆ. ಪಾಶ್ಚಾತ್ಯರ ಸೂಟು ಟೈಗಳನ್ನು ಶಿಸ್ತಿನಿಂದ ಪಾಲಿಸುತ್ತಿದ್ದ ಜಪಾನ್ 2005ರ ಬೇಸಿಗೆಯಲ್ಲಿ ‘ಕೂಲ್ ಬಿಜ್’ ಎಂಬ ಅಭಿಯಾನ ಆರಂಭಿಸಿತು. ಕಚೇರಿಗಳ ಹವಾನಿಯಂತ್ರಣವನ್ನು 28 ಡಿಗ್ರಿಗೆ ಇಡಬೇಕು, ನೌಕರರು ಟೈ ಕೋಟುಗಳನ್ನು ಕಳಚಿ ಹಗುರ ಬಟ್ಟೆ ತೊಡಬೇಕು ಎಂದು ಸರ್ಕಾರವೇ ಹೇಳಿತು. ಮಂತ್ರಿಗಳೇ ಮೊದಲು ಟೈ ಬಿಚ್ಚಿದರು. ಅಲ್ಲಿ ಮಂತ್ರಿ ಬಿಚ್ಚಿದ ಟೈಯನ್ನು ಇಲ್ಲಿ ಮಗುವಿಗೆ ಕಟ್ಟುವುದು ಯಾವ ವಿದ್ಯೆ?

ಬೆವರು ಹೀರದ ಬಿಗಿ ಬಟ್ಟೆಯ ಫಲವನ್ನು ನಾನು ದಿನವೂ ನೋಡುತ್ತೇನೆ. ತೊಡೆಸಂದು, ಸೊಂಟ, ಕಂಕುಳಲ್ಲಿ ಗಜಕರ್ಣ. ಮೊದಲು ಅದು ಮನೆಯಲ್ಲಿ ಒಬ್ಬರಿಗೆ ಬರುತ್ತಿತ್ತು. ಈಗ ಇಡೀ ಮನೆಗೆ ಬರುತ್ತದೆ. ಇದರಲ್ಲಿಯೂ ಅರ್ಧ ಅನುಕರಣೆಯ ಕಥೆಯೇ ಇದೆ. ಇಂಗ್ಲೆಂಡಿನಲ್ಲಿ ತೀವ್ರವಾದ ಸ್ಟೀರಾಯ್ಡ್ ಮುಲಾಮು ವೈದ್ಯರ ಚೀಟಿಯಿಲ್ಲದೆ ಸಿಗದು. ನಮ್ಮಲ್ಲಿಯೂ ಕೇಂದ್ರ ಸರ್ಕಾರ 2018ರಲ್ಲಿ ಇಂಥ ಹಲವು ಮುಲಾಮುಗಳನ್ನು ಚೀಟಿಯ ಪಟ್ಟಿಗೆ ಸೇರಿಸಿದೆ. ಆದರೂ ‘ತುರಿಕಿಗೆ ಒಂದ ಟ್ಯೂಬ್ ಕೊಡ್ರಿ’ ಎಂದು ಕೇಳಿ ತಂದು ಹಚ್ಚುವವರು ಕಡಿಮೆಯಾಗಿಲ್ಲ. ಎರಡು ದಿನ ತುರಿಕೆ ನಿಲ್ಲುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತದೆ, ಚರ್ಮ ತೆಳುವಾಗುತ್ತದೆ. ಔಷಧಿ ಬಂತು, ಅದನ್ನು ಕಾಯುವ ಶಿಸ್ತು ಬರಲಿಲ್ಲ.

ನಾವಿರುವುದಾದರೂ ಎಲ್ಲಿ? ಗೋಕಾಕ ಜಲಪಾತದ ಬಳಿಯ ಹತ್ತಿ ಗಿರಣಿ 19ನೆಯ ಶತಮಾನದಿಂದ ನೂಲು ತೆಗೆದ ನೆಲ ಇದು. ನೆರೆಯ ಬೆಳಗಾವಿ ತಾಲೂಕಿನಲ್ಲಿ, 1937ರಲ್ಲಿ ಗಾಂಧೀಜಿ ಬಂದು ಹೋದ ಹುದಲಿ ಗ್ರಾಮ ಖಾದಿಗೆ ಹೆಸರಾದುದು. ಹತ್ತಿಯ ಇಂಥ ನೆರೆಹೊರೆಯಲ್ಲಿದ್ದು ನಮ್ಮ ಮಕ್ಕಳು ಪಾಲಿಯೆಸ್ಟರಿನಲ್ಲಿ ಬೇಯಬೇಕೆ? ಹಿರಿಯರ ಸಡಿಲ ಧೋತರ, ಹತ್ತಿಯ ಅಂಗಿ, ತಲೆಯ ರುಮಾಲುಗಳು ಈ ಬಿಸಿಲಿಗೆ ಸರಿಯಾದ ಉತ್ತರಗಳಾಗಿದ್ದವು. ರುಮಾಲನ್ನು ಮರಳಿ ಸುತ್ತಿರೆಂದು ನಾನು ಯುವಕರಿಗೆ ಹೇಳಲಾರೆ. ಹೊಲದಲ್ಲಿ ತಲೆಗೊಂದು ಹತ್ತಿಯ ಬಟ್ಟೆ ಇರಲಿ, ಒಳಉಡುಪು ಹತ್ತಿಯದಾಗಿರಲಿ, ಒಗೆದ ಬಟ್ಟೆ ಬಿಸಿಲಿನಲ್ಲಿ ಒಣಗಲಿ ಎಂದಷ್ಟೇ ಕೇಳುತ್ತೇನೆ. ಲೆಸ್ಟರ್‌ನಲ್ಲಿ ಬಟ್ಟೆ ಒಣಗಿಸಲು ಮಗಳು ಯಂತ್ರ ತಿರುಗಿಸುತ್ತಾಳೆ. ನಮಗೆ ಸೂರ್ಯನೇ ಇದ್ದಾನೆ.

ಒಂದು ಆಕ್ಷೇಪ ಇಲ್ಲಿ ಬರಬಹುದು: ನಮ್ಮ ಹಳೆಯದೆಲ್ಲ ಒಳ್ಳೆಯದೆನ್ನುವಿರಾ? ಇಲ್ಲ. ನಮ್ಮದೇ ಪದ್ಧತಿಯನ್ನೂ ನಾವು ಅರ್ಧವಾಗಿಯೇ ಉಳಿಸಿಕೊಂಡಿದ್ದೇವೆ. ಗೋಕಾಕದ ಕರದಂಟನ್ನು ನೋಡಿರಿ. ಅಂಟು, ಬೆಲ್ಲ, ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿಗಳಿಂದ ಮಾಡುವ ಇದು ಬಾಣಂತಿಗೂ ಕಸರತ್ತು ಮಾಡುವ ಪೈಲ್ವಾನನಿಗೂ ಹೇಳಿಮಾಡಿಸಿದ ಬಲದ ಆಹಾರ. ಇಂದು ಇದರ ಪೆಟ್ಟಿಗೆಗಳು ವಿಮಾನವೇರಿ ಪರದೇಶಗಳಿಗೆ ಹೋಗುತ್ತವೆ. ನಮಗೆ ಅದು ಹೆಮ್ಮೆಯೇ. ಆದರೆ ದಿನವಿಡೀ ಕುರ್ಚಿಯ ಮೇಲೆ ಕುಳಿತವನು ‘ಬೆಲ್ಲದ್ದು, ಏನೂ ಆಗೂದಿಲ್ಲ’ ಎಂದು ಮೂರು ತುಂಡು ತಿಂದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಬೆಲ್ಲವೂ ಸಕ್ಕರೆಯ ಬಂಧುವೇ. ಜೋಳದ ರೊಟ್ಟಿಯೂ ಅಳತೆ ತಪ್ಪಿದರೆ ಔಷಧಿಯಾಗದು. ಹಿರಿಯರು ನಾಲ್ಕು ರೊಟ್ಟಿ ಉಂಡು ಹೊತ್ತು ಮುಳುಗುವವರೆಗೆ ಮೈಮುರಿದು ಕಾಯಕ ಮಾಡಿದರು. ನಾವು ನಾಲ್ಕು ರೊಟ್ಟಿಯನ್ನು ಇಟ್ಟುಕೊಂಡು ಕಾಯಕವನ್ನು ಮೋಟಾರ್ ಸೈಕಲ್ಲಿಗೆ ಒಪ್ಪಿಸಿದ್ದೇವೆ. ಆದ್ದರಿಂದ ರೊಟ್ಟಿ ಎರಡಾಗಲಿ. ಹೆಸರು, ಮಡಿಕೆ, ಕಡಲೆಯ ಕಾಳುಪಲ್ಯ ಎರಡು ಸೌಟು ಹೆಚ್ಚಲಿ, ಜೊತೆಗೆ ಮೂಲಂಗಿ, ಸೌತೆ, ಮೆಂತೆಯ ಸೊಪ್ಪು, ಮಜ್ಜಿಗೆ ಇರಲಿ. ಸಸ್ಯಾಹಾರಿಗಳಾದ ನಮಗೆ ಪ್ರೋಟೀನು ದೊರೆಯುವುದು ಮುಖ್ಯವಾಗಿ ಕಾಳು ಮತ್ತು ಹೈನಿನಿಂದ ಎಂಬುದನ್ನು ಮರೆಯಬಾರದು.

ಪರದೇಶಗಳಿಂದ ತರಬೇಕಾದದ್ದು ಏನು ಎಂಬುದು ಈಗ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನಿಂದ ಓದಿ ಕೊಳ್ಳುವ ಅಭ್ಯಾಸ, ಫ್ರಾನ್ಸಿನಿಂದ ದಿನದ ತಾಜಾ ಖರೀದಿಯ ಹೆಮ್ಮೆ, ಚಿಲಿಯಿಂದ ಶಾಲೆಯನ್ನು ಸಿಹಿ ತಿನಿಸುಗಳಿಂದ ಕಾಯುವ ಧೈರ್ಯ. ಜಪಾನಿನಿಂದ ಇನ್ನೊಂದನ್ನೂ ಕಲಿಯಬಹುದು. ಅಲ್ಲಿ 2005ರಲ್ಲಿ ಆಹಾರ ಶಿಕ್ಷಣಕ್ಕೆಂದೇ ಒಂದು ಕಾನೂನು ಬಂದಿತು. ಅಲ್ಲಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳೇ ಸರದಿಯಂತೆ ಬಿಳಿ ಟೊಪ್ಪಿಗೆ ಧರಿಸಿ ಸಹಪಾಠಿಗಳಿಗೆ ಬಡಿಸುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ತಾವೇ ಸ್ವಚ್ಛ ಮಾಡುತ್ತಾರೆ. ದಾಸೋಹದ ಪಂಕ್ತಿಯನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ. ನಮ್ಮ ಶಾಲೆಗಳ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂದೇ ಹೆಸರಿದೆ. ಆ ಪಂಕ್ತಿಯಲ್ಲಿ ತಟ್ಟೆಯಲ್ಲಿರುವುದು ಏನು, ಅದು ಯಾಕೆ ಬೇಕು ಎಂದು ಮಕ್ಕಳಿಗೆ ದಿನಕ್ಕೆ ಎರಡು ಮಾತು ಹೇಳಲು ಖರ್ಚೇನೂ ಇಲ್ಲ.

ಸದ್ಭಕ್ತರಲ್ಲಿ ಮೂರು ಬಿನ್ನಹಗಳಿವೆ. ಮೊದಲನೆಯದು, ಅಕ್ಷರ ಬಲ್ಲ ಮಗುವಿಗೆ ಪ್ರತಿ ಪೊಟ್ಟಣದ ಹಿಂಭಾಗವನ್ನು ಓದುವ ಕೆಲಸ ಕೊಡಿರಿ. ಓದಲಾಗದ ಪೊಟ್ಟಣವನ್ನು ಕೊಳ್ಳಬೇಡಿರಿ. ಎರಡನೆಯದು, ಶಾಲಾ ಆಡಳಿತ ಮಂಡಳಿಗಳಲ್ಲಿ ಇರುವವರು ಮಾರ್ಚಿಯಿಂದ ಶಾಲೆ ಮುಗಿಯುವವರೆಗಾದರೂ ಮಕ್ಕಳ ಟೈ ತೆಗೆಸಿರಿ, ಹತ್ತಿ ಬೆರೆತ ಸಡಿಲ ಸಮವಸ್ತ್ರಕ್ಕೆ ಅವಕಾಶ ಕೊಡಿರಿ. ಮೂರನೆಯದು, ಊರೂರ ಜಾತ್ರೆಗಳಿಗೆ ಮನೆಮನೆಯಿಂದ ರೊಟ್ಟಿಯ ಬುತ್ತಿ ಬರುವ ಸಂಪ್ರದಾಯ ನಮ್ಮದು. ಆ ರೊಟ್ಟಿಯ ಪಕ್ಕದಲ್ಲಿ ತಂಪು ಪಾನೀಯದ ಬಾಟಲಿಗೆ ಜಾಗವಿಲ್ಲದಂತೆ, ಮಜ್ಜಿಗೆಯ ಹರವಿಗಳು ಸಾಲಾಗಿರುವಂತೆ ನೋಡಿಕೊಳ್ಳಿರಿ.

ಆ ರೈತರ ವಿಷಯ ಹೇಳಿ ಮುಗಿಸುತ್ತೇನೆ. ಒಂದು ಬೆರಳನ್ನು ಉಳಿಸಿಕೊಳ್ಳಲಾಗಲಿಲ್ಲ. ಕಾಲು ಉಳಿಯಿತು. ಈಗ ಸಕ್ಕರೆ ಹತೋಟಿಯಲ್ಲಿದೆ, ಗುಳಿಗೆ ಮುಂದುವರಿದಿದೆ. ಕಳೆದ ತಿಂಗಳು ತಪಾಸಣೆಗೆ ಬಂದಾಗ ಎಂಟನೆಯ ತರಗತಿ ಓದುವ ಮಗಳೂ ಜೊತೆಗಿದ್ದಳು. ಬರುವ ದಾರಿಯಲ್ಲಿ ಅಂಗಡಿಗೆ ಹೋದಾಗ ಬಿಸ್ಕತ್ತಿನ ಪುಡಿಕೆಯನ್ನು ತಿರುವಿ ನೋಡಿ, ‘ಅಪ್ಪಾ, ಇದರಾಗ ನೂರಕ್ಕ ಮೂವತ್ತೆರಡು ಗ್ರಾಂ ಸಕ್ರಿ ಐತಿ, ಎಂಟು ಚಮಚಾ ಆತು, ಬ್ಯಾಡ’ ಎಂದು ಅದನ್ನು ಮರಳಿ ಇಡಿಸಿದಳಂತೆ. ಬದಲಿಗೆ ಅವರು ಅರ್ಧ ಕಿಲೋ ಪೇರಲಹಣ್ಣು ಕೊಂಡಿದ್ದರು.